ರೆಕಾರ್ಡರ್ ಇರುವ ಹೋಂ ಥಿಯೇಟರೂ ಪಲ್ಪರಿನ ಮೂರು ಫ್ಯೂಸೂ

ಹೋಂ ಥಿಯೇಟರ್ ಆರಿಸುವುದು ಎಸ್ಟೇಟ್ ರೈಟರನ ಕೆಲಸ ಎಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹಾಜರಿ ಹಾಕುವುದು, ಹಣ್ಣು ತೂಗುವುದು, ಬಟವಾಡೆ ಮಾಡುವುದು, ಆನೆ ಬೇಲಿ ಮುರಿದರೆ ಅರಣ್ಯ ಇಲಾಖೆಯವರಿಗೆ ಫೋನ್ ಮಾಡಿ ಬೈಸಿಕೊಳ್ಳುವುದು, ಇಷ್ಟು ನನ್ನ ಕೆಲಸ ಎಂದುಕೊಂಡಿದ್ದೆ. ಆ ವರ್ಷ ಕಾಫಿ ಹಣ್ಣಿನ ಪಿಕಿಂಗ್ ಶುರುವಾದ ಹೊಸತರಲ್ಲಿ ಇದೊಂದು ಸೇರಿಕೊಂಡಿತು. ಅದರಿಂದ ಹತ್ತಿದ ಸಿಟ್ಟು ಇವತ್ತಿಗೂ ಪೂರ್ತಿ ಇಳಿದಿಲ್ಲ, ಆದ್ದರಿಂದ ಇಲ್ಲಿ ನ್ಯಾಯವಾಗಿ ಬರೆಯುತ್ತೇನೆ ಎಂಬ ಭರವಸೆ ಕೊಡಲಾರೆ.

ಸುಂಟಿಕೊಪ್ಪದಿಂದ ಒಳಗೆ ಹೋಗುವ ರಸ್ತೆಯಲ್ಲಿ ನಮ್ಮ ಎಸ್ಟೇಟು. ಆಗ ಮೊಬೈಲು ಎಲ್ಲರ ಕೈಗೂ ಬಂದಿತ್ತು, ಆದರೆ ಅದರಲ್ಲಿ ಆಟ, ಸಿನಿಮಾ ನೋಡುವ ಕಾಲ ನಮ್ಮ ತಗ್ಗಿಗೆ ಇಳಿದಿರಲಿಲ್ಲ. ಎರಡು ಮಾತಾಡಬೇಕೆಂದರೂ ನೀರಿನ ಟ್ಯಾಂಕಿನ ಹತ್ತಿರ ಹತ್ತಬೇಕಿತ್ತು. ಆಳುಗಳು ಇರುವ ಲೈನ್ ಮನೆಗಳ ಪಕ್ಕದಲ್ಲಿ ಒಂದು ಉದ್ದನೆಯ ಕೋಣೆ ಇತ್ತು, ಮೊದಲು ಅದರಲ್ಲಿ ಕೆಲಸದವರ ಕೂಸುಗಳನ್ನು ನೋಡಿಕೊಳ್ಳುತ್ತಿದ್ದರು. ಈಗ ಒಂದು ಹಳೆಯ ಟಿವಿ, ಹರಿದ ಎರಡು ಚಾಪೆ. ಪಕ್ಕದ ಎಸ್ಟೇಟಿನವರು ತಮ್ಮ ಲೈನಿಗೆ ದೊಡ್ಡ ಟಿವಿ ತಂದರು ಎಂಬ ಸುದ್ದಿ ಬಂದ ದಿನದಿಂದ ನಮ್ಮ ಮ್ಯಾನೇಜರರಿಗೆ ನಿದ್ದೆ ಇರಲಿಲ್ಲ. ಆಳು ಆ ಕಡೆ ಜಾರಿದರೆ ಹಣ್ಣು ನೆಲಕ್ಕೆ ಉದುರುತ್ತದೆ, ಮೈಸೂರಿನಲ್ಲಿರುವ ಧಣಿಗಳು ಫೋನಿನಲ್ಲಿ ಇವರ ಮೇಲೆ ಉದುರುತ್ತಾರೆ.

ಅದೇ ವಾರ ಮೇಸ್ತ್ರಿಯಮ್ಮ ಆಫೀಸಿನ ಮೆಟ್ಟಿಲ ಬಳಿ ಬಂದು ನಿಂತಳು. ಪಿಕಿಂಗಿನಲ್ಲಿ ಇವಳದು ದೊಡ್ಡ ಗುಂಪು. ಇವಳು ಎಲ್ಲಿ ಕುಕ್ಕೆ ಇಳಿಸುತ್ತಾಳೋ ಉಳಿದ ಹೆಂಗಸರು ಅಲ್ಲೇ ಇಳಿಸುವುದು. ಮಗಳು ಕ್ರೀಡಾ ಹಾಸ್ಟೆಲಿನಲ್ಲಿ ಓದುತ್ತಿದ್ದಳು, ರಾಜ್ಯದ ಕಿರಿಯ ಹುಡುಗಿಯರ ಹಾಕಿ ತಂಡದಲ್ಲಿ ಗೋಲ್ ಕಾಯುವವಳು. ಮುಂದಿನ ತಿಂಗಳು ದೂರದ ಊರಿನಲ್ಲಿ ಪಂದ್ಯಾವಳಿ. ಮೊದಲ ಪಂದ್ಯವೇ ಇವರದು, ಅದನ್ನು ಟಿವಿಯಲ್ಲಿ ತೋರಿಸುತ್ತಾರಂತೆ. ಕೆಲಸದ ದಿನ, ಮಧ್ಯಾಹ್ನ. ಆ ಹೊತ್ತು ತನಗೂ ತನ್ನ ಗುಂಪಿಗೂ ಬಿಡುವು ಕೊಡಬೇಕು ಎಂದು ಕೇಳಿದಳು.

ಮ್ಯಾನೇಜರರು ಕೊಡಲಿಲ್ಲ. ಅರೇಬಿಕಾ ಕೆಂಪಗೆ ಹಣ್ಣಾಗಿ ನಿಂತಿರುವಾಗ ಒಂದು ಗುಂಪಿಗೆ ಬಿಟ್ಟರೆ ನಾಳೆ ಎಲ್ಲರಿಗೂ ಬಿಡಬೇಕು ಎಂದರು. ಹೇಳುತ್ತಿರುವಾಗಲೇ ಅವರ ಮುಖ ಅರಳಿತು. ಲೈನಿಗೆ ಹೋಂ ಥಿಯೇಟರ್ ತರಿಸುತ್ತೇನೆ, ರೆಕಾರ್ಡ್ ಆಗುವಂಥದ್ದು, ಆಟ ತಾನಾಗಿ ರೆಕಾರ್ಡ್ ಆಗಿರುತ್ತದೆ, ಸಂಜೆ ಕೆಲಸ ಮುಗಿಸಿ ಬಂದು ಎಲ್ಲರೂ ಕೂತು ನೋಡಿ, ಆರು ಸ್ಪೀಕರಿನಲ್ಲಿ. ಒಂದೇ ಕಲ್ಲಿಗೆ ಪಕ್ಕದ ಎಸ್ಟೇಟನ್ನೂ ಇವಳನ್ನೂ ಹೊಡೆದೆ ಎಂಬ ಸಂಭ್ರಮ ಅವರದು.

ಅವಳು ಅವರನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಸಾರ್ ಮಾತು ಸಾರ್‌ಗೇ ಇರ್ಲಿ. ನೀವು ಹೇಳಿ ರೈಟ್ರೇ, ಸಂಜೆಗೆ ನಮ್ ಪಾಪನ ಆಟ ಅದ್ರಲ್ಲಿ ಇರುತ್ತಾ?"

ಇರುತ್ತೆ ಅಂದೆ. ತಲೆಯಾಡಿಸಿ ಹೋದಳು. ಮ್ಯಾನೇಜರರು ಕೊಟ್ಟ ಮಾತು ನನ್ನ ತಲೆಗೆ ಬಂದು ಕೂತದ್ದು ಹೀಗೆ.

ಕುಶಾಲನಗರದ ಒಂದು ಟಿವಿ ಅಂಗಡಿಗೆ ನಾವಿಬ್ಬರೂ ಜೀಪಿನಲ್ಲಿ ಹೋದೆವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಗಾದೆಗೆ ಆ ಮಧ್ಯಾಹ್ನ ಜೀವ ಬಂತು. ಅವರಿಗೆ ಬೇಕಾದದ್ದು ಸದ್ದು. ಪಕ್ಕದ ಎಸ್ಟೇಟಿನ ತನಕ ಕೇಳಬೇಕು. ಎದೆಯೆತ್ತರದ ಸ್ಪೀಕರ್ ಇದ್ದ ಒಂದು ಸೆಟ್ಟಿನ ಮುಂದೆ ಹೋಗಿ ನಿಂತವರು ಕದಲಲೇ ಇಲ್ಲ. ಅದರಲ್ಲಿ ರೆಕಾರ್ಡರೇ ಇರಲಿಲ್ಲ. ಯಾವ ಕಾರಣಕ್ಕೆ ಬಂದಿದ್ದೇವೆ ಎಂದು ನೆನಪಿಸಿದೆ. ರೆಕಾರ್ಡರ್ ಆಮೇಲೆ ನೋಡೋಣ ಎಂದರು. ಊಟಕ್ಕಿಲ್ಲದ ಉಪ್ಪಿನಕಾಯಿ ಯಾತಕ್ಕೆ ಸಾರ್ ಎಂದೆ. ಅಂಗಡಿಯವನ ಎದುರು ಹಾಗೆ ಅಂದದ್ದು ಅವರಿಗೆ ಚುಚ್ಚಿತು. ಚುಚ್ಚಲಿ ಎಂದೇ ಅಂದದ್ದು.

ನನ್ನ ಮನಸ್ಸಿನಲ್ಲಿದ್ದದ್ದು ಬಿಡಿ ಸಾಮಾನು. ರೆಕಾರ್ಡರ್ ಬೇರೆ, ಸ್ಪೀಕರಿಗೆ ಸದ್ದು ಕೊಡುವ ಆಂಪ್ಲಿಫೈಯರ್ ಬೇರೆ. ಒಂದು ಕೆಟ್ಟರೆ ಅದೊಂದನ್ನು ರಿಪೇರಿಗೆ ಒಯ್ದರಾಯಿತು. ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿ ತುಂಬಿದರೆ, ಕೋತಿ ತಾನೂ ಕೆಟ್ಟು ವನವನ್ನೆಲ್ಲ ಕೆಡಿಸಿದ ಹಾಗೆ. ಮ್ಯಾನೇಜರರು ಒಪ್ಪಲಿಲ್ಲ. ಅಷ್ಟೊಂದು ವಯರು, ಮೂರು ಮೂರು ರಿಮೋಟು, ಲೈನಿನವರು ಎರಡೇ ದಿನದಲ್ಲಿ ಹಾಳು ಮಾಡುತ್ತಾರೆ ಎಂದರು. ಲೈನಿನವರು ಏನನ್ನು ಹಾಳು ಮಾಡಿದ್ದಾರೆ ಎಂದು ಕೇಳಿದೆ. ಈ ಜಗಳದ ನಡುವೆ ಅಂಗಡಿಯವನು ಬೆಣ್ಣೆಯ ನಗು ನಗುತ್ತಾ ಮೂರನೆಯದೊಂದನ್ನು ತಂದಿಟ್ಟ. ಆಂಪ್ಲಿಫೈಯರ್, ಡಿವಿಡಿ, ರೆಕಾರ್ಡರ್ ಎಲ್ಲವೂ ಒಂದೇ ಕಪ್ಪು ಪೆಟ್ಟಿಗೆಯೊಳಗೆ, ಆರು ಸ್ಪೀಕರು, ಒಂದೇ ರಿಮೋಟು. ಟೈಮ್ ಕೊಟ್ಟು ಬಿಟ್ಟರೆ ತಾನೇ ಆನ್ ಆಗಿ, ತಾನೇ ರೆಕಾರ್ಡ್ ಮಾಡಿ, ತಾನೇ ಆಫ್ ಆಗುತ್ತದಂತೆ. ಸದ್ದು ಬೇಕೆಂದವರಿಗೆ ಸದ್ದು, ರೆಕಾರ್ಡ್ ಬೇಕೆಂದವರಿಗೆ ರೆಕಾರ್ಡ್.

ನಾನು ಸುಲಭಕ್ಕೆ ನಂಬುವವನಲ್ಲ. ರೆಕಾರ್ಡ್ ಆಗುತ್ತಿರುವಾಗ ಕರೆಂಟ್ ಹೋಗಿ ಬಂದರೆ ಏನಾಗುತ್ತದೆ ಎಂದು ಕೇಳಿದೆ. ಕೊಡಗಿನಲ್ಲಿ ಈ ಪ್ರಶ್ನೆ ಕೇಳದೆ ಬಲ್ಬನ್ನೂ ಕೊಳ್ಳಬಾರದು. ಅಂಗಡಿಯವನು ಯಾವುದೋ ಟಿವಿ ಕಾರ್ಯಕ್ರಮವನ್ನು ಆಂಟೆನಾದಿಂದ ರೆಕಾರ್ಡಿಗೆ ಹಾಕಿ ಪ್ಲಗ್ ಕಿತ್ತ, ಮತ್ತೆ ಚುಚ್ಚಿದ. ಪೆಟ್ಟಿಗೆ ಒಂದು ಗಳಿಗೆ ಯೋಚಿಸಿ, ಕೆಂಪು ದೀಪ ಹೊತ್ತಿಸಿಕೊಂಡು, ಬಿಟ್ಟಲ್ಲಿಂದ ರೆಕಾರ್ಡ್ ಮುಂದುವರಿಸಿತು. ಕಣ್ಣಾರೆ ಕಂಡ ಮೇಲೆ ಇನ್ನೇನು ಎಂದು ಒಪ್ಪಿದೆ. ಮ್ಯಾನೇಜರರು ನನ್ನನ್ನು ಗೆದ್ದವರ ಹಾಗೆ ಜೀಪು ಓಡಿಸಿದರು.

ಅಂಗಡಿಯ ಆಳು ಬಂದು ಜೋಡಿಸಿದ್ದು ಸಂತೆಯ ದಿನ. ನಮ್ಮಲ್ಲಿ ಸಂತೆಯ ದಿನವೇ ವಾರದ ರಜೆ. ಇಡೀ ಕೆಲಸ ಕೆಟ್ಟದ್ದರ ಬೇರು ಇಲ್ಲಿದೆ, ಆದರೆ ಅದು ಆಗ ಇಬ್ಬರಿಗೂ ಹೊಳೆಯಲಿಲ್ಲ. ಎಸ್ಟೇಟಿನಲ್ಲಿ ಹೊಸತು ಏನು ಬಂದರೂ ಸಂತೆಯ ದಿನವೇ ಕೂರಿಸುವುದು, ಅಂದೇ ಪರೀಕ್ಷೆ ಮಾಡುವುದು, ಉಳಿದ ದಿನ ಯಾರಿಗೂ ಪುರುಸೊತ್ತಿಲ್ಲ. ತಗಡಿನ ಮೇಲೆ ಡಿಶ್ ಕೂರಿಸಿದರು, ಡಿಶ್ಶಿನ ಸೆಟ್ ಟಾಪ್ ಬಾಕ್ಸಿನಿಂದ ಕಪ್ಪು ಪೆಟ್ಟಿಗೆಗೆ ವಯರ್ ಎಳೆದರು. ಟೈಮ್ ಕೊಟ್ಟು ಬಾಗಿಲು ಹಾಕಿಕೊಂಡು ಹೋದೆವು. ವಾಪಸು ಬಂದಾಗ ಒಂದು ಅಡುಗೆಯ ಕಾರ್ಯಕ್ರಮ ಮೊದಲಿಂದ ಕೊನೆಯವರೆಗೆ ಚೊಕ್ಕವಾಗಿ ರೆಕಾರ್ಡ್ ಆಗಿತ್ತು. ಮ್ಯಾನೇಜರರು ಒಂದು ಹಾಡು ಹಾಕಿ ಸದ್ದು ಏರಿಸಿದರು. ಲೈನಿನ ನಾಯಿಗಳೆಲ್ಲ ತೋಟಕ್ಕೆ ಓಡಿದವು.

ಮಾರನೆಯ ದಿನ ನನ್ನ ಸಮಾಧಾನಕ್ಕೆ ಮಧ್ಯಾಹ್ನದ ಒಂದು ಧಾರಾವಾಹಿಗೆ ಟೈಮ್ ಕೊಟ್ಟೆ. ಸಂಜೆ ಲೈನಿನ ಹೆಂಗಸರೆಲ್ಲ ಕೂತರು. ಧಾರಾವಾಹಿಯಲ್ಲಿ ಅತ್ತೆ ಸೊಸೆಯ ಕಡೆ ತಿರುಗಿದಳು, ಪರದೆ ಕಪ್ಪಾಯಿತು, ಅತ್ತೆಯ ಜಾಗದಲ್ಲಿ ಪ್ರೆಶರ್ ಕುಕ್ಕರ್ ಬಂತು. ಅಲ್ಲಿಂದ ಕೊನೆಯ ತನಕ ಬರೇ ಕುಕ್ಕರ್, ಸೀರೆ, ಕೂದಲಿನ ಎಣ್ಣೆ. ಅಂಗಡಿಗೆ ಫೋನ್ ಮಾಡಿದರೆ, ನಮ್ಮ ಸೆಟ್ಟಿನದಲ್ಲ ಸಾರ್, ನಿಮ್ಮ ಕರೆಂಟಿನದು ಎಂದು ಇಟ್ಟುಬಿಟ್ಟ.

ಮತ್ತೊಂದು ದಿನ ಊಟದ ಹೊತ್ತಿನ ತೂಕ ಮುಗಿಸಿ, ರೆಕಾರ್ಡಿಗೆ ಹಾಕಿ, ಊಟ ಬಿಟ್ಟು ಕೋಣೆಯಲ್ಲೇ ಕೂತೆ. ಕೆಳಗೆ ಕಣದ ಪಕ್ಕದಲ್ಲಿ ಪಲ್ಪರ್ ಶುರುವಾಯಿತು, ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ. ಅದರ ಮೋಟಾರು ಎದ್ದ ಕೂಡಲೇ ಕೋಣೆಯ ಬಲ್ಬು ಅರಿಶಿನದ ಬಣ್ಣಕ್ಕೆ ಇಳಿಯಿತು. ಪೆಟ್ಟಿಗೆ ಆಫ್ ಆಗಿ ಆನ್ ಆಯಿತು, ಅಂಗಡಿಯಲ್ಲಿ ಕಂಡ ಹಾಗೆಯೇ ರೆಕಾರ್ಡ್ ಮುಂದುವರಿಸಿತು. ಆದರೆ ಡಿಶ್ಶಿನ ಬಾಕ್ಸೂ ಆಫ್ ಆಗಿ ಆನ್ ಆಗಿತ್ತು, ಅದು ಆನ್ ಆದಾಗಲೆಲ್ಲ ಬರುವುದು ಡಿಶ್ ಕಂಪನಿಯ ಸ್ವಂತ ಜಾಹೀರಾತಿನ ಚಾನೆಲ್ಲಿಗೆ. ನಾವು ಇಟ್ಟ ಚಾನೆಲ್ ಅದಕ್ಕೆ ಮರೆತೇ ಹೋಗುತ್ತದೆ. ರೆಕಾರ್ಡರಿನ ತಪ್ಪೇನೂ ಇಲ್ಲ, ಬಂದದ್ದನ್ನು ಶ್ರದ್ಧೆಯಿಂದ ತುಂಬಿಕೊಂಡಿತ್ತು. ಅಂಗಡಿಯಲ್ಲಿ ಡಿಶ್ ಇರಲಿಲ್ಲ. ಸಂತೆಯ ದಿನ ಪಲ್ಪರ್ ಇರಲಿಲ್ಲ.

ಸ್ಟೆಬಿಲೈಸರ್ ಹಾಕಿ ನೋಡಿದೆ. ವೋಲ್ಟೇಜ್ ಬಿದ್ದಾಗ ಅದು ಟಕ್ ಎಂದು ಒಂದು ಕ್ಷಣ ಕರೆಂಟೇ ಕಡಿಯುತ್ತಿತ್ತು, ಮತ್ತೆ ಕುಕ್ಕರ್. ಡಿಶ್ಶಿನ ಬಾಕ್ಸಿಗೆ ಆಫೀಸಿನ ಯುಪಿಎಸ್ ತಂದು ಕೊಟ್ಟೆ. ಅದರ ಬ್ಯಾಟರಿ ಸತ್ತು ಯಾವ ಕಾಲವಾಗಿತ್ತೋ, ಅಷ್ಟು ದಿನ ಅದು ಮ್ಯಾನೇಜರರ ಟೋಪಿ ಇಡುವ ಸ್ಟೂಲಾಗಿತ್ತು. ಹೊಸದು ತರಿಸಿ ಎಂದೆ. ಇಷ್ಟು ದುಡ್ಡು ಸುರಿದು ತಂದ ಸಾಮಾನಿಗೆ ಮತ್ತೊಂದು ಪೆಟ್ಟಿಗೆಯೇ ಎಂದು ರೇಗಿದರು. ಪಂದ್ಯದ ಹೊತ್ತಿಗೆ ಕೋಣೆಯಲ್ಲಿ ಒಬ್ಬರನ್ನು ಕೂರಿಸಿ, ಚಾನೆಲ್ ಹೋದಾಗಲೆಲ್ಲ ಹಾಕಲಿ ಎಂದೆ. ಪಿಕಿಂಗಿನಲ್ಲಿ ರಿಮೋಟ್ ಹಿಡಿಯಲು ಒಂದಾಳೇ ಎಂದರು. ಹಾಗಾದರೆ ಆ ಒಂದು ದಿನ ಪಲ್ಪರನ್ನು ಆಟ ಮುಗಿದ ಮೇಲೆ ಶುರು ಮಾಡೋಣ, ಹಣ್ಣು ಸಂಜೆಯೊಳಗೆ ಸುಲಿದರೆ ಆಯಿತಲ್ಲ ಎಂದೆ. ಎದ್ದೇ ನಿಂತರು.

"ಲೈನಿನ ಹುಡುಗಿ ಆಡ್ತಾಳೆ ಅಂತ ಪಲ್ಪರ್ ನಿಲ್ಲಿಸ್ಬೇಕೇನ್ರೀ? ಧಣಿಗಳಿಗೆ ಏನಂತ ಹೇಳ್ಲಿ?"

ಲೈನಿನ ಹುಡುಗಿಯ ಹೆಸರಿನಲ್ಲೇ ಧಣಿಗಳಿಂದ ಹೋಂ ಥಿಯೇಟರ್ ಒಪ್ಪಿಸಿಕೊಂಡವರು ಈ ಮನುಷ್ಯ. ಆವತ್ತು ಅವರನ್ನು ನಾನು ಮನಸಾರೆ ದ್ವೇಷಿಸಿದೆ.

ಪಂದ್ಯದ ಹಿಂದಿನ ದಿನ ಸಂಜೆಯ ತೂಕದಲ್ಲಿ ಮೇಸ್ತ್ರಿಯಮ್ಮನ ಸರದಿ ಬಂತು. ಹೇಗಾದರೂ ಮಾಡಿ ರೆಕಾರ್ಡ್ ಮಾಡಿಸುತ್ತೇನೆ ಎಂದು ಅವಳಿಗೆ ಹೇಳಿದೆ. ಹೇಗೆ ಎಂಬುದು ನನಗೇ ಗೊತ್ತಿರಲಿಲ್ಲ. ಅವಳು ಖಾಲಿ ಚೀಲ ಮಡಚಿ ಕಂಕುಳಿಗೆ ಸೇರಿಸಿದಳು.

"ಆಟ ಮುಗಿದ್ಮೇಲೆ ನೋಡಿದ್ರೆ, ನಾನು ದೇವ್ರಿಗೆ ಹೇಳ್ಕೊಳ್ಳೋದು ಯಾವಾಗ ರೈಟ್ರೇ? ಅಷ್ಟೊತ್ತಿಗೆ ಬಾಲು ಒಳಗೆ ಹೋಗಿ ಆಗಿರುತ್ತಲ್ಲ."

ನನಗೆ ಮೊದಲು ಬಂದದ್ದು ಸಿಟ್ಟು, ಅದೂ ಅವಳ ಮೇಲೆ. ಒಂದು ತಿಂಗಳಿಂದ ಕುಶಾಲನಗರ, ಸ್ಟೆಬಿಲೈಸರು, ಯುಪಿಎಸ್ಸು ಎಂದು ಸಾಯುತ್ತಿದ್ದೇನೆ, ಇದನ್ನು ಮೊದಲೇ ಹೇಳಬಾರದಿತ್ತೇ ಎಂದು ರೇಗಿದೆ.

"ಯಾರ್ ಕೇಳಿದ್ರಿ?" ಎಂದಳು.

ಯಾರೂ ಕೇಳಿರಲಿಲ್ಲ. ಅವಳು ಕೇಳಿದ್ದು ಆ ಹೊತ್ತಿನ ಬಿಡುವು. ನಾವಿಬ್ಬರು ಗಂಡಸರು ಅದಕ್ಕೆ ಉತ್ತರವಾಗಿ ಆರು ಸ್ಪೀಕರ್ ತಂದಿದ್ದೆವು. ರೆಕಾರ್ಡರ್ ಬೇಕೇ ಬೇಕು ಎಂದು ಅಂಗಡಿಯಲ್ಲಿ ಗಂಟಲು ಹರಿದುಕೊಂಡವನು ನಾನು. ತಕ್ಕಡಿಯ ಮುಂದೆ ನಿಂತು ಅವಳ ಹಣ್ಣು ಎಷ್ಟು ತೂಗಿತೆಂದು ಬರೆದುಕೊಳ್ಳುವುದನ್ನೂ ಮರೆತೆ, ಹಿಂದಿನವಳು ನೆನಪಿಸಿದಳು.

ಮರುದಿನ ಮ್ಯಾನೇಜರರು ಬಟವಾಡೆಯ ಹಣ ತರಲು ಸುಂಟಿಕೊಪ್ಪಕ್ಕೆ ಹೋದರು. ಊಟದ ಹೊತ್ತಿನ ತೂಕ ಮುಗಿಸಿ ನಾನು ನೇರ ಪಲ್ಪರ್ ಮನೆಗೆ ಇಳಿದೆ. ಪಲ್ಪರ್ ಓಡಿಸುವವನಿಗೆ ಟೀ ಕುಡಿದು ಬಾ ಎಂದೆ. ಅವನು ನನ್ನ ಮುಖ ನೋಡಿ ಹೊರಟ. ಪಲ್ಪರಿನ ಮೇನ್ ಸ್ವಿಚ್ ಕೆಳಗಿಳಿಸಿ, ಮೂರೂ ಪಿಂಗಾಣಿ ಫ್ಯೂಸ್ ಕಿತ್ತು ಪ್ಯಾಂಟಿನ ಜೇಬಿಗೆ ಹಾಕಿಕೊಂಡೆ. ಜೇಬು ಜೋತು ಬಿತ್ತು. ಆಮೇಲೆ ತೋಟದ ಬ್ಲಾಕಿಗೆ ಹೋಗಿ ಮೇಸ್ತ್ರಿಯಮ್ಮನ ಗುಂಪಿಗೆ ಮೇಲೆ ಹತ್ತಿ ಎಂದೆ. ಹಾಜರಿ ಕತ್ತರಿಸುತ್ತಾರೆ ಎಂದು ಒಬ್ಬಳು ಹಿಂಜರಿದಳು. ಹಾಜರಿ ಹಾಕುವವನು ನಾನು ಎಂದೆ.

ಕುಕ್ಕೆ ಸೊಂಟದಲ್ಲೇ ಇಟ್ಟುಕೊಂಡು ಬಂದರು. ಪಕ್ಕದ ಬ್ಲಾಕಿನವರೂ ಬಂದರು, ಅವರನ್ನು ನಾನು ಕರೆದಿರಲಿಲ್ಲ. ಚಾಪೆ ಸಾಲದೆ ಗೋಣಿ ಹಾಸಿದರು. ನಾನು ಚಾನೆಲ್ ಇಟ್ಟು, ರೆಕಾರ್ಡಿನ ಗುಂಡಿಯನ್ನೂ ಒತ್ತಿದೆ. ಬೇಕಾಗಿರಲಿಲ್ಲ, ಹಠಕ್ಕೆ ಒತ್ತಿದೆ.

ಗೋಲ್ ಕಾಯುವ ಹುಡುಗಿಯ ಮುಖ ಹೆಲ್ಮೆಟ್ಟಿನ ಜಾಲರಿಯ ಹಿಂದೆ ಇತ್ತು, ಯಾರಿಗೂ ಕಾಣಲಿಲ್ಲ. ಅವಳು ಸ್ಟಿಕ್ಕಿನಿಂದ ಎರಡು ಕಡೆಯ ಕಂಬವನ್ನೂ ತಟ್ಟಿ ನೋಡಿದಳು. ಅದೇ ನಮ್ ಪಾಪ ಎಂದಳು ತಾಯಿ. ಆಮೇಲೆ ಅವಳು ಕೂರಲಿಲ್ಲ, ಗೋಡೆಗೂ ಒರಗಲಿಲ್ಲ. ಚೆಂಡು ಆ ಕಡೆ ಇದ್ದಾಗ ಸುಮ್ಮನಿರುತ್ತಿದ್ದಳು, ಈ ಕಡೆ ಬಂದೊಡನೆ ತುಟಿ ಅಲುಗುತ್ತಿತ್ತು, ಅವಳದೇ ಭಾಷೆಯಲ್ಲಿ, ಬಿಡುವಿಲ್ಲದೆ. ಹುಡುಗಿ ಕಾಲಿನಿಂದ ತಡೆದಳು, ಬಿದ್ದು ತಡೆದಳು, ಒಂದು ಸಲ ಎದೆಯಿಂದಲೇ ತಡೆದಳು. ಬಹಳ ಹೊತ್ತು ಯಾರಿಗೂ ಗೋಲಿಲ್ಲ. ಇಷ್ಟೆಲ್ಲ ಹೊಡೆತವನ್ನು ತಡೆಯುತ್ತಿರುವುದು ಹುಡುಗಿಯೋ ತಾಯಿಯೋ ಎಂದು ನನಗೇ ಗೊಂದಲವಾಯಿತು.

ಆಟ ಮುಗಿಯುವ ಹೊತ್ತಿಗೆ ಜೀಪು ಬಂತು. ಪಲ್ಪರಿನ ಸದ್ದಿಲ್ಲದ್ದು ಗೇಟಿನಲ್ಲೇ ಅವರಿಗೆ ಗೊತ್ತಾಗಿರಬೇಕು. ಕಣಕ್ಕೆ ಹೋಗಿ, ಅಲ್ಲಿಂದ ದಾಪುಗಾಲು ಹಾಕಿಕೊಂಡು ಬಂದು ಬಾಗಿಲಲ್ಲಿ ನಿಂತರು.

"ಫ್ಯೂಸ್ ಎಲ್ರೀ?"

"ನನ್ನ ಜೇಬಲ್ಲಿದೆ."

"ಕೊಡ್ರೀ ಇಲ್ಲಿ."

"ಆಟ ಮುಗೀಲಿ ಸಾರ್."

ನಾಳೆಯಿಂದ ನಿಮಗಿಲ್ಲಿ ಕೆಲಸವಿಲ್ಲ ಎಂದರು. ನಾಳೆ ತಾನೇ ಎಂದೆ. ಪಿಕಿಂಗ್ ಮುಗಿಯುವ ತನಕ ರೈಟರನನ್ನು ಕಳಿಸಲಾರರು ಎಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಅವರ ಕೈ ನನ್ನ ಜೇಬಿನ ಕಡೆ ಬಂದದ್ದಂತೂ ಹೌದು. ಅಷ್ಟರಲ್ಲಿ ಟಿವಿಯಲ್ಲಿ ಶಿಳ್ಳೆ ಕೇಳಿತು. ಪೆನಾಲ್ಟಿ ಸ್ಟ್ರೋಕ್. ಗೋಲಿನ ಮುಂದೆ ಚೆಂಡಿಟ್ಟು ಒಬ್ಬಳು ಹೊಡೆಯುತ್ತಾಳೆ, ಕಾಯುವವಳು ಒಬ್ಬಳೇ. ಮ್ಯಾನೇಜರರ ಕೈ ಅಲ್ಲೇ ನಿಂತಿತು. ಕೊಡಗಿನಲ್ಲಿ ಮನೆತನ ಮನೆತನಗಳ ನಡುವೆ ನಡೆಯುವ ಹಾಕಿ ಪಂದ್ಯಗಳಲ್ಲಿ ಪ್ರಾಯದಲ್ಲಿ ತಮ್ಮ ಮನೆತನದ ತಂಡಕ್ಕೆ ಆಡಿದವರು ಅವರು, ಕಣ್ಣು ತಾನಾಗಿ ಪರದೆಗೆ ಹೋಯಿತು. ಕೋಣೆಯಲ್ಲಿ ಟಿವಿ ಬಿಟ್ಟರೆ ಕೇಳುತ್ತಿದ್ದದ್ದು ತಾಯಿಯ ತುಟಿಯ ಸದ್ದು ಮಾತ್ರ.

ಹುಡುಗಿ ಎಡಕ್ಕೆ ಹಾರಿದಳು. ಚೆಂಡು ಬಲಕ್ಕೆ ಹೋಯಿತು.

ಆ ಒಂದು ಗೋಲಿನಲ್ಲಿ ಸೋತರು. ಹುಡುಗಿ ನೆಲದ ಮೇಲೆ ಕವುಚಿ ಬಿದ್ದವಳು ಸುಮಾರು ಹೊತ್ತು ಏಳಲಿಲ್ಲ. ಕ್ಯಾಮೆರಾ ಅವಳನ್ನು ಬಿಟ್ಟು ಗೆದ್ದವರ ಕಡೆ ಹೋಯಿತು, ತಾಯಿ ಮಾತ್ರ ಪರದೆಯ ಅದೇ ಮೂಲೆಯನ್ನು ನೋಡುತ್ತಿದ್ದಳು.

"ಇದನ್ನ ನೋಡೋಕೇನಮ್ಮ ಪಲ್ಪರ್ ನಿಲ್ಸಿದ್ದು?" ಎಂದರು ಮ್ಯಾನೇಜರರು. "ಸಂಜೆ ನೋಡಿದ್ರೂ ಇದೇ ಸೋಲು ತಾನೇ?"

ಅವಳು ಕುಕ್ಕೆಯ ಹಗ್ಗ ಬಿಗಿ ಮಾಡಿಕೊಂಡಳು.

"ಅವ್ಳು ಬಿದ್ದಾಗ ನಾನಿದ್ದೆ ಸಾರ್."

ಅಷ್ಟು ಹೇಳಿ ಅವರ ಪಕ್ಕದಿಂದಲೇ ಹೊರಗೆ ನಡೆದಳು. ಹಿಂದೆ ಗುಂಪು ನಡೆಯಿತು. ಯಾರೂ ಹೇಳದೆ ಬ್ಲಾಕಿಗೆ ಇಳಿದು, ಬಿಟ್ಟ ಸಾಲನ್ನು ಬೆಳಕಿರುವಷ್ಟು ಹೊತ್ತೂ ಕೊಯ್ದು ಮುಗಿಸಿದರು. ನಾನು ಕೆಳಗಿಳಿದು ಫ್ಯೂಸ್ ಹಾಕಿದೆ. ಪಲ್ಪರ್ ಎದ್ದಿತು, ಮೇಲಿನ ಖಾಲಿ ಕೋಣೆಯಲ್ಲಿ ಆರು ಸ್ಪೀಕರಿನಿಂದಲೂ ಒಟ್ಟಿಗೆ ಕುಕ್ಕರ್ ಕೂಗಿತು. ಓಡಿ ಹೋಗಿ ಆರಿಸಿದೆ.

ಸಂಜೆಯ ತೂಕವನ್ನೂ ಮುಗಿಸಿ ಮನೆಗೆ ಹೊರಟಾಗ ಲೈನಿನ ಕೋಣೆಯಲ್ಲಿ ಬೆಳಕಿತ್ತು. ರೆಕಾರ್ಡ್ ಆದದ್ದನ್ನು ನೋಡಲು ಲೈನಿನವರು ಒಬ್ಬರೂ ಬಂದಿರಲಿಲ್ಲ. ಗೋಣಿಯ ಮೇಲೆ ಮ್ಯಾನೇಜರರೊಬ್ಬರೇ ಕೂತಿದ್ದರು, ಕೈಯಲ್ಲಿ ರಿಮೋಟು. ಪರದೆಯಲ್ಲಿ ಚೆಂಡು ಇಟ್ಟಾಗಿತ್ತು, ಹುಡುಗಿ ಗೆರೆಯ ಮೇಲೆ ಕಾಲು ಕುಕ್ಕುತ್ತಿದ್ದಳು. ಅವರು ಮುಂದಕ್ಕೆ ಬಾಗಿ, ಯಾರಿಗೂ ಕೇಳಬಾರದೆಂಬ ಸದ್ದಿನಲ್ಲಿ, ಬಲಕ್ಕೆ ಹಾರು ಮಗಾ, ಬಲಕ್ಕೆ, ಎನ್ನುತ್ತಿದ್ದರು.

ಅವಳು ಎಡಕ್ಕೆ ಹಾರಿದಳು. ಅವರು ಹಿಂದಕ್ಕೆ ಓಡಿಸಿ ಮತ್ತೆ ಹಾಕಿದರು. ನಾನು ಕಿಟಕಿಯ ಹೊರಗೆ ನಿಂತಿದ್ದೆ. ಪಾಪ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಅವರು ಮೂರನೆಯ ಸಲ ಹಿಂದಕ್ಕೆ ಓಡಿಸುವಾಗ ನಾನು ಮನೆಗೆ ನಡೆದೆ.